ಮೊದಲು ತಮ್ಮ ಮುಂಗೈಗೆ

ಅವರ ಎಡ ಮುಂಗೈಯ ಒಳಮಗ್ಗುಲಲ್ಲಿ, ಮೊಣಕೈಯಿಂದ ಮಣಿಕಟ್ಟಿನವರೆಗೂ ಸಣ್ಣ ಸಣ್ಣ ಗುರುತುಗಳ ಸಾಲಿತ್ತು. ಕೆಲವು ಗೋಧಿ ಕಾಳಿನಷ್ಟು, ಬೆಳ್ಳಗೆ, ಚಪ್ಪಟೆ. ಕೆಲವು ಕಡಲೆಕಾಳಿನಷ್ಟು ಉಬ್ಬಿ ಕಪ್ಪಾಗಿದ್ದವು. ಮೊದಲ ಸಲ ನೋಡಿದಾಗ ಯಾವುದೋ ಚರ್ಮರೋಗವೆಂದು ನಾನು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡಿದ್ದೆ. ಅವರು ಅದನ್ನು ಗಮನಿಸಿ, ಅಂಗಿಯ ತೋಳನ್ನು ಇನ್ನಷ್ಟು ಮೇಲೆ ಸರಿಸಿ, ಕೈಯನ್ನು ನನ್ನ ಮೂಗಿನ ಕೆಳಗೇ ಹಿಡಿದರು.

“ರೋಗ ಅಲ್ರಿ ಅಕ್ಕೋರ. ಇದು ಕಚ್ಚಾ ರೇಷ್ಮಿ, ನಪಾಸು. ಇದು ಸೋಡಾದಾಗ ಕುದಿಸಿದ್ದು, ಪಾಸು. ಇದು ಕುರಿ ಕರುಳು, ಪಾಸು. ಇದು ಸೆಣಬು. ಸೆಣಬು ನನ್ನ ಹುಚ್ಚತನ, ಬಿಡ್ರಿ.”

ಅವರು ಗುಡಗೇರಿಯ ದನದ ದವಾಖಾನೆಯ ಡಾಕ್ಟರು. ನಾನು ಅಲ್ಲಿಯೇ ಕನ್ನಡ ಶಾಲೆಯಲ್ಲಿ ಅಕ್ಕೋರು. ನಮ್ಮಿಬ್ಬರ ಮನೆಗಳಿಗೆ ಒಂದೇ ಗೋಡೆ. ಆ ಗೋಡೆಯಾಚೆಯಿಂದ ರೇಷ್ಮೆ ಕುದಿಯುವ ಹೊಲಸು ವಾಸನೆ ಬಂದಾಗಲೆಲ್ಲ ಅವ್ವ ಮೂಗಿಗೆ ಸೆರಗು ಹಿಡಿದು, “ಮನುಷ್ಯಾಗ ಮಾಡಾಕ ಬೇರೆ ಕೆಲಸಿಲ್ಲೇನು” ಎಂದು ಗೊಣಗುತ್ತಿದ್ದಳು.

ಕೂತಲ್ಲಿ ಕೂರುವ ಜೀವವಲ್ಲ ಅದು. ಚಹಾ ಕುಡಿಯುವುದು ನಿಂತೇ. ಮಾತನ್ನು ಅರ್ಧಕ್ಕೆ ಬಿಟ್ಟು ಸೈಕಲ್ ಹತ್ತಿಬಿಡುವರು. ಉಳಿದರ್ಧ ಮರುದಿನ ಬರುತ್ತಿತ್ತು. ಅವರ ತಲೆಯಲ್ಲಿ ಹೊಕ್ಕಿದ್ದ ಹುಳ ಒಂದೇ. ನೊಗದ ಒತ್ತಿಗೆ ಎತ್ತಿನ ಹೆಗಲ ನರ ಸತ್ತುಹೋಗುವುದುಂಟು. ಆಮೇಲೆ ಹೆಗಲು ಬತ್ತಿ ಎಲುಬು ಎದ್ದು ಕಾಣುತ್ತದೆ, ನಡೆಯುವಾಗ ಕಾಲು ಹೊರಕ್ಕೆ ಜೋಲಾಡುತ್ತದೆ, ಒಳ್ಳೆಯ ಎತ್ತು ಕಟುಕರ ಪಾಲಾಗುತ್ತದೆ. ಕೆಟ್ಟ ಭಾಗವನ್ನು ತೆಗೆದು, ಉಳಿದ ಎರಡು ತುದಿಗಳ ನಡುವೆ ರೇಷ್ಮೆಯ ಸಣ್ಣ ಕೊಳವೆ ಹೆಣೆದು ಕೂಡಿಸಿದರೆ ನರ ಅದರೊಳಗೆ ಬೆಳೆದು ಆಚೆ ದಡ ಮುಟ್ಟೀತು ಎಂಬುದು ಅವರ ಆಸೆ.

“ನರ ಅಂದ್ರ ಹೀರಿಬಳ್ಳಿ ಇದ್ದಂಗ್ರಿ. ಹಬ್ಬಾಕ ಹಂದರ ಬೇಕು. ಆದರ ಹಂದರದ ಕಟಗೀನ ವಿಷ ಆದ್ರ?”

ಹುಳದ್ದು, ಗಿಡದ್ದು ಅಂದಮೇಲೆ ಅದರಿಂದ ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ ಸಿಡಿಯುತ್ತಿದ್ದರು. “ಎಕ್ಕಿ ಹಾಲೂ ಗಿಡದ್ದ. ಕಣ್ಣಾಗ ಹಾಕ್ಕೋತೀಯೇನು?” ಹಾಗಾಗಿ ಎಲ್ಲವೂ ಮೊದಲು ಅವರ ಮುಂಗೈಗೆ. ಚರ್ಮ ಸೀಳಿ, ಚೂರು ಇಟ್ಟು, ಹೊಲಿದು ಕಾಯುವುದು. ಅಲ್ಲಿ ಪಾಸಾದರೆ ಮಾತ್ರ ಮುಂದಿನ ಮಾತು.

ಆ ವರ್ಷ ಶ್ರಾವಣದಲ್ಲಿ ನನ್ನ ಬಲಗೈ ಹೋಯಿತು. ಕಂದೀಲಿನ ಗಾಜಿನೊಳಗೆ ಕೈ ತೂರಿಸಿ ಬೂದಿಯಿಂದ ಒರೆಸುತ್ತಿದ್ದೆ. ಗಾಜು ಒಡೆದು ಮಣಿಕಟ್ಟನ್ನು ಸೀಳಿತು. ಮಂದಿಯ ದವಾಖಾನೆಯಲ್ಲಿ ಹೊಲಿಗೆಯೇನೋ ಹಾಕಿದರು, ಗಾಯವೂ ಮಾಯಿತು. ಆದರೆ ಕಿರುಬೆರಳು, ಉಂಗುರದ ಬೆರಳು ಒಳಕ್ಕೆ ಮಡಚಿಕೊಂಡವು, ಮತ್ತೆ ಬಿಚ್ಚಲಿಲ್ಲ. ರೊಟ್ಟಿ ಬಡಿಯಲು ಹೋದರೆ ಹಿಟ್ಟಿನಲ್ಲಿ ಗುಳಿ ಬೀಳುತ್ತಿತ್ತು. ಒಂದು ದಿನ ಏನೋ ಸುಟ್ಟ ವಾಸನೆ ಬಂತೆಂದು ನೋಡಿದರೆ, ಹಂಚಿಗೆ ತಾಗಿ ಸುಡುತ್ತಿದ್ದುದು ನನ್ನದೇ ಕಿರುಬೆರಳು. ನನಗೆ ಗೊತ್ತೇ ಆಗಿರಲಿಲ್ಲ. ಅಂದು ನಾನು ಹೆದರಿದಷ್ಟು ಯಾವತ್ತೂ ಹೆದರಿಲ್ಲ.

“ಕಟ್ ಆದ ನರ ಭಾಳ ದಿನ ಕಾಯಂಗಿಲ್ರಿ, ತಡಾ ಆದಷ್ಟೂ ಕೈಯಾಗಿನ ಖಂಡ ಒಣಗತೈತಿ” ಎಂದು ಅವರೇ ಹೇಳಿದ್ದರು. ಹೇಳಿ ನನ್ನ ನಿದ್ದೆಯನ್ನೂ ಕೆಡಿಸಿದ್ದರು.

ಅದೇ ಹೊತ್ತಿಗೆ ಅವರ ಕುರಿ ನಡೆಯತೊಡಗಿತು. ಕುರಿ ಕಾಯುವ ಅಜ್ಜನೊಬ್ಬನ ಕುರಿಗೆ ಬೇಲಿಯ ತಂತಿ ಹೊಕ್ಕು ಹಿಂಗಾಲಿನ ನರ ತುಂಡಾಗಿತ್ತು. “ಹೆಂಗೂ ಸಾಯೂದು, ಏನರ ಮಾಡ್ರಿ” ಎಂದು ಅಜ್ಜ ಬೇಸಗೆಯಲ್ಲೇ ಬಿಟ್ಟುಹೋಗಿದ್ದ. ಡಾಕ್ಟರು ಕುದಿಸಿದ ರೇಷ್ಮೆಯ ಕೊಳವೆ ಕೂಡಿಸಿದ್ದರು. ದೀಪಾವಳಿಯ ಹೊತ್ತಿಗೆ ಅದು ಗೊರಸು ಊರಿ ದವಾಖಾನೆಯ ಅಂಗಳದಲ್ಲಿ ಸುತ್ತಾಡುತ್ತಿತ್ತು. ಊರಿಗೆ ಊರೇ ಬಂದು ನೋಡಿತು. ನಾನೂ ನೋಡಿದೆ, ನೋಡಿ ಸುಮ್ಮನಿರುವುದು ನನ್ನಿಂದಾಗಲಿಲ್ಲ.

“ನನ್ನ ಕೈಗೂ ಹಾಕ್ರಿ. ನೀವು ಹಾಕಬ್ಯಾಡ್ರಿ, ಮಂದಿ ಡಾಕ್ಟರಿಗೆ ಹೇಳಿ ನಿಮ್ಮ ಕೊಳವಿ ಹಾಕಿಸ್ರಿ.”

“ಆಗಂಗಿಲ್ರಿ.”

“ಕುರಿ ನಡೀತೈತಲ್ರಿ!”

“ನಡೀತೈತಿ ಅಷ್ಟ. ಒಳಗ ಏನ್ ನಡದೈತಿ ಅನ್ನೂದು ಕುರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಉಪಕಾರ ಆಮ್ಯಾಲೆ ಅಕ್ಕೋರ. ಮೊದಲ ಅಪಕಾರ ಆಗಬಾರದು.”

ಸಿಟ್ಟಿನಿಂದ ನನ್ನ ಕಿವಿ ಬಿಸಿಯಾದವು. ಕುರಿಗೆ ಸಿಕ್ಕ ಭಾಗ್ಯ ನನಗಿಲ್ಲವೇ ಎಂದು ಮನೆಗೆ ಬಂದು ಅತ್ತೆ. ಅವ್ವನಿಗೆ ತಡೆಯಲಾಗಲಿಲ್ಲ. ಪೂಜೆಗೆ ಉಡುವ ಹಳೆಯ ರೇಷ್ಮೆ ಸೀರೆಯ ಅಂಚಿನಿಂದ ಎಳೆಗಳನ್ನು ಬಿಡಿಸಿಕೊಂಡು ನೇರವಾಗಿ ಗೋಡೆಯಾಚೆ ಹೋದಳು.

“ಇದು ಮಡಿ ರೇಷ್ಮಿ. ಇದಕ್ಕ ಮೈಲಿಗಿ ಅನ್ನೂದ ಇಲ್ಲ. ಕುದಸೂದು ಬ್ಯಾಡ, ಪರೀಕ್ಷಾನೂ ಬ್ಯಾಡ. ನನ್ನ ಮಗಳ ಕೈ ಇದ್ರಾಗ ಹೊಲಿಸ್ರಿ.”

ಅವರು ನಗಲಿಲ್ಲ. ಎಳೆಯನ್ನು ಎರಡೂ ಕೈಯೊಡ್ಡಿ ಇಸಿದುಕೊಂಡರು. ಮುಂದಿನ ಸಂತೆಯ ದಿನ ನಮ್ಮ ಮನೆಗೆ ಬಂದು ತೋಳು ಸರಿಸಿದಾಗ ಅವ್ವ “ಅಯ್ಯ ಶಿವನೇ!” ಎಂದು ಕೂತೇಬಿಟ್ಟಳು. ಮುಂಗೈ ಕೆಂಪಗೆ ಊದಿ, ಹೊಲಿಗೆಯ ಸಂದಿಯಲ್ಲಿ ಕೀವು ಕಟ್ಟಿತ್ತು.

“ಅವ್ವಾರ, ನಿಮ್ಮ ಮಡಿ ದೇವರಿಗೆ ನಡೀತೈತಿ. ನರಕ್ಕ ದೇವರ ಗುರುತಿಲ್ಲ.”

ಅವ್ವ ಅರಿಸಿನ ಅರೆದು ತಂದು ಹಚ್ಚಲು ಹೋದಳು. “ಅದನ್ನೂ ಪರೀಕ್ಷಾ ಮಾಡಬೇಕ್ರಿ” ಎಂದು ಕೈ ಹಿಂದಕ್ಕೆಳೆದುಕೊಂಡರು, ಮಹಾನುಭಾವರು. ಅಷ್ಟು ಸಿಟ್ಟಿನಲ್ಲೂ ನನಗೆ ನಗು ಬಂತು.

ಆದರೆ ಅವರು ಬರೀ ಇಲ್ಲ ಎಂದು ಕೂತವರಲ್ಲ. ನಾನು ಅವರ ಜೊತೆ ಮಾತು ಬಿಟ್ಟಿದ್ದ ದಿನಗಳಲ್ಲಿ ಅವರು ಹುಬ್ಬಳ್ಳಿಗೆ ಹೋಗುವುದು, ತಮ್ಮೊಂದಿಗೆ ಓದಿದವರನ್ನು ಹಿಡಿಯುವುದು, ಅವರಿಂದ ಇನ್ನೊಬ್ಬರನ್ನು ಹಿಡಿಯುವುದು ನಡೆದೇ ಇತ್ತು. ಸಂಕ್ರಾಂತಿ ಕಳೆದದ್ದೇ ಬಾಗಿಲಲ್ಲಿ ನಿಂತು, “ಅಕ್ಕೋರ, ಬೆಂಗಳೂರಿಗೆ ಹೋಗೂಣು, ಚೀಲ ಕಟ್ರಿ” ಎಂದರು. ಅಲ್ಲಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಕಾಲಿನಿಂದ ನರದ ತುಂಡು ತೆಗೆದು ಕೈಗೆ ಕೂಡಿಸುವವರಿದ್ದರು. ಪಾದದ ಹೊರಮಗ್ಗುಲು ಸ್ವಲ್ಪ ಜೋಮು ಹಿಡಿದಂತೆ ಉಳಿಯುತ್ತದೆ, ಅಷ್ಟೇ.

ರೈಲಿನಲ್ಲಿ ಅವರು ಕೂತದ್ದು ಕಡಿಮೆ. ಬಾಗಿಲಿಗೂ ನಮ್ಮ ಸೀಟಿಗೂ ಓಡಾಡುತ್ತಲೇ ಇದ್ದರು. ಒಮ್ಮೆ ನನ್ನೆದುರು ನಿಂತು ಹೇಳಿದರು: “ನಿಮ್ಮ ನರ ನಿಮಗ ಅಪಕಾರ ಮಾಡಂಗಿಲ್ರಿ. ಅದೊಂದಕ್ಕ ನನ್ನ ಮುಂಗೈ ಬೇಕಾಗಿಲ್ಲ.”

ಕೈಗೆ ಪಟ್ಟಿ ಕಟ್ಟಿಸಿಕೊಂಡು ಊರಿಗೆ ಮರಳಿದಾಗ ಕುರಿ ಮತ್ತೆ ಕುಂಟುತ್ತಿತ್ತು. ಹೋಳಿಯ ಹೊತ್ತಿಗೆ ಕಾಲು ಎಳೆಯತೊಡಗಿತು. ಅದು ಜ್ವರ ಬಂದು ಸತ್ತಾಗ ಅವರು ಕಾಲು ಬಿಚ್ಚಿ ನೋಡಿ ನನ್ನನ್ನು ಕರೆಸಿದರು. ರೇಷ್ಮೆಯ ಸುತ್ತ ಬೂದು ಬಣ್ಣದ ಗಟ್ಟಿ ಗಂಟು ಬೆಳೆದು, ಹೊಸದಾಗಿ ಬಂದ ನರವನ್ನು ಹಿಸುಕಿಹಾಕಿತ್ತು.

“ಚರ್ಮಕ್ಕ ಪಾಸು ಆದದ್ದು ನರಕ್ಕ ನಪಾಸು ಆತ್ರಿ” ಎಂದರು. ಗೆದ್ದ ಮುಖವಲ್ಲ ಅದು. ನಾನು ಆ ಗಂಟನ್ನು ನೋಡಿದೆ, ನನ್ನ ಮಣಿಕಟ್ಟನ್ನು ನೋಡಿಕೊಂಡೆ. ಅಂದು ಅವರು ಮುಲಾಜಿಗೆ ಬಿದ್ದು ಹೂಂ ಎಂದಿದ್ದರೆ!

ಕೈ ಬರಲು ವರ್ಷ ಮೀರಿತು. ಮೊದಲು ಇರುವೆ ಹರಿದಂತಾಯಿತು, ಆಮೇಲೆ ಸೂಜಿ ಚುಚ್ಚಿದ್ದು ತಿಳಿಯಿತು. ಪ್ರತಿ ಭಾನುವಾರ ಅವರು ನನ್ನ ಕಣ್ಣು ಮುಚ್ಚಿಸಿ ಹಕ್ಕಿಯ ಪುಕ್ಕ, ಸೂಜಿ ಮುಟ್ಟಿಸಿ ನೋಡುತ್ತಿದ್ದರು. ಬಿಸಿ, ತಂಪು ಮಾತ್ರ ತಿಳಿಯದೆ ಬಹಳ ಕಾಡಿದವು. ನನ್ನ ರೊಟ್ಟಿ ಈಗಲೂ ಒಂದು ಕಡೆ ದಪ್ಪ. ಇರಲಿ, ರೊಟ್ಟಿಯಂತೂ ಆಗುತ್ತದೆ.

ಅವರು ರೇಷ್ಮೆ ಬಿಡಲಿಲ್ಲ. ಇನ್ನೂ ಹೆಚ್ಚು ಕುದಿಸಿದರು, ಎಳೆ ಇನ್ನೂ ಸಣ್ಣದು ಮಾಡಿದರು. ಎಡ ಮುಂಗೈಯಲ್ಲಿ ಜಾಗ ಸಾಲದೆ ತೊಡೆಗೆ ಇಳಿದಿದ್ದರೆಂದು ಆಮೇಲೆ ತಿಳಿಯಿತು. ಹಂದರ ಮುಗಿಯಲಿಲ್ಲ. ಒಂದು ಎತ್ತಿಗೂ ಅವರು ಅದನ್ನು ಹಾಕಲಿಲ್ಲ. ಹಾಕುವ ಧೈರ್ಯ ತಮಗೆ ಬರುವುದಕ್ಕೆ ಮೊದಲೇ, ಒಂದು ಸಂಜೆ ದವಾಖಾನೆಯಿಂದ ಬಂದು ಚಹಾದ ಬಟ್ಟಲು ಹಿಡಿದು ನಿಂತಿದ್ದ ಹಾಗೆಯೇ ಕುಸಿದರು, ಮತ್ತೆ ಏಳಲಿಲ್ಲ. ಅಷ್ಟು ವರ್ಷದ ಒದ್ದಾಟಕ್ಕೆ ಕೈಗೆ ಬಂದದ್ದೇನು ಎಂದು ನನಗೆ ಇವತ್ತಿಗೂ ಅವರ ಪರವಾಗಿ ಸಿಟ್ಟು ಬರುತ್ತದೆ.

ಅವರನ್ನು ಪಡಸಾಲೆಯಲ್ಲಿ ಮಲಗಿಸಿದ್ದರು. ಅವರು ಒಂದೆಡೆ ಸುಮ್ಮನೆ ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹತ್ತಿರ ಕೂತು ಆ ಮುಂಗೈಯ ಮೇಲೆ ನನ್ನ ಬಲಗೈ ಇಟ್ಟೆ. ಗುರುತುಗಳು ಒಂದೊಂದಾಗಿ ಬೆರಳಿಗೆ ಸಿಕ್ಕವು, ಪಾಸಾದವೂ ನಪಾಸಾದವೂ. ಕೈ ತಣ್ಣಗಿತ್ತು. ತಣ್ಣಗಿದೆ ಎಂದು ನನಗೆ ತಿಳಿಸಿದ್ದು ಕಿರುಬೆರಳು.