ಮೊದಲ ಹೆಸರು ವೀರೇಶನದು

ಗೆಳೆಯರೇ, ಇವತ್ತು ಜರ್ಮನಿಯ ಇಂಗೋಲ್‌ಸ್ಟಾಟ್ ಕನ್ನಡಿಗರ ಶನಿವಾರದ ಫುಟ್‌ಬಾಲ್ ಪಂದ್ಯಕ್ಕೆ ಎರಡು ತಂಡ ಆರಿಸಿದೆವು. ಒಂದಕ್ಕೆ ನಾನೇ ನಾಯಕ. ನಾಯಕರಿಬ್ಬರೂ ಸರದಿಯಂತೆ ಒಬ್ಬೊಬ್ಬರನ್ನು ಕರೆಯಬೇಕು. ಚೆನ್ನಾಗಿ ಆಡುವವರು ಮೇಲೆ ಬರುವಂತೆ ಬೋರ್ಡ್ ಮೇಲೆ ಹೆಸರುಗಳನ್ನು ಕ್ರಮವಾಗಿ ಬರೆದವನು ನಾನೇ. ಎದುರು ತಂಡದ ನಾಯಕ ಮಂಜು ನೋಡಿ ನಕ್ಕ.

"ಲೇ, ವೀರೇಶನ್ನ ಎಲ್ಲಾರಕಿಂತ ಮ್ಯಾಲ ಬರದೀಯಲ್ಲೋ! ಅಂವ ಅಷ್ಟ ದೂರ ಹ್ಯಾನೋವರ್‌ಗೆ ಹೋಗಿ ವರ್ಷಾತು."

"ಗೊತ್ತೈತಿ. ಅವನಂಗ ಪಾಸ್ ಕೊಡಾವ್ರು ಇಲ್ಲಿ ಯಾರ್ ಅದಾರ?"

ಮೊದಲ ಸರದಿ ನನ್ನದು. ವೀರೇಶನ ಹೆಸರನ್ನೇ ಕೂಗಿದೆ. ಮಂಜು ಅಲ್ಲಿಂದಲೇ ಅವನಿಗೆ ಫೋನ್ ಹಚ್ಚಿ, ಸ್ಪೀಕರ್‌ಗೆ ಹಾಕಿ, ವಿಷಯ ಹೇಳಿದ.

"ಇಲ್ಲಿ ನನ್ನ ಯಾರೂ ಆಡಾಕ ಕರದಿಲ್ಲಪಾ," ಎಂದ ವೀರೇಶ. "ಶನಿವಾರ ಟ್ರೇನ್ ಹಿಡದು ಬರ್ತೀನಿ."

ಎಂದೂ ಹೊತ್ತಿಗೆ ಬಾರದ ಜರ್ಮನಿಯ ರೈಲನ್ನು ನಂಬಿ ತಂಡ ಕಟ್ಟಿದ ನಾಯಕ ನಾನೊಬ್ಬನೇ ಇರಬೇಕು.