ಬಂಡೆಯ ಬಣ್ಣ

ಆ ದಂಡೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ದೊಡ್ಡವರು ಚಿಕ್ಕವರು ಎಲ್ಲರಿಗೂ ಅವಳು ಬಡಿಗೆಯಕ್ಕ. ದೋಣಿಯವರು ತರುವ ಆಕ್ಟೋಪಸ್‌ಗಳನ್ನು ಬಂಡೆಗೆ ಬಡಿದು, ಮಾಂಸ ಮೆತ್ತಗೆ ಮಾಡಿ ಹೋಟೆಲಿನವರಿಗೆ ಕೊಡುವುದು ಅವಳ ಕಸುಬು. ಬಡಿಯದೆ ಬಿಟ್ಟರೆ ಅದು ಚಪ್ಪಲಿಯ ಅಟ್ಟೆ, ಯಾರ ಹಲ್ಲಿಗೂ ಬಗ್ಗುವುದಿಲ್ಲ. ತಲೆಯನ್ನು ಮುಷ್ಟಿಯಲ್ಲಿ ಹಿಡಿದು, ಭುಜದ ಮೇಲಿಂದ ಎತ್ತಿ, ಕಲ್ಲಿನ ಮೇಲೆ ಪಟಾರೆಂದು ಹೊಡೆಯಬೇಕು. ನೊರೆ ಬಂದರೆ ಕಲ್ಲಿಗೆ ತಿಕ್ಕಿ ಮತ್ತೆ ಎತ್ತಬೇಕು. ಚಿಕ್ಕ ಹುಡುಗಿಯಾಗಿದ್ದಾಗಿನಿಂದ ಇದೇ ಕೆಲಸ ಮಾಡಿಕೊಂಡು ಬಂದವಳ ತೋಳು ಹೇಗಿರಬೇಕು, ನೀವೇ ಯೋಚಿಸಿ.

ಕೋಪವೋ, ಮೂಗಿನ ತುದಿಯಲ್ಲೇ. ತೂಕದಲ್ಲಿ ಕೈಚಳಕ ತೋರಿಸಿದ ದಲ್ಲಾಳಿಗೆ ಒಂದು ಬಿಟ್ಟಳು ನೋಡಿ, ದವಡೆ ಸರಿದು ಪಾಪ ದಿನಗಟ್ಟಲೆ ಹಾಲು ಕುಡಿದು ಬದುಕಿದ. ಸೊಂಟಕ್ಕೆ ಕೈಹಾಕಿದ ದೋಣಿಯವನೊಬ್ಬನ ಬೆರಳು ಇವತ್ತಿಗೂ ಸೊಟ್ಟ. ಗಂಡ ದೋಣಿಯ ಎಂಜಿನ್ ರಿಪೇರಿಯವನು, ಮದುವೆಯಾದ ಹೊಸದರಲ್ಲಿ ಅವನೂ ಕೈಮಾಡುತ್ತಿದ್ದ. ಒಂದು ದಿನ ಅವಳು ತಿರುಗಿಸಿ ಕೊಟ್ಟಳು. ಮೂಗು ಮುರಿದುಕೊಂಡ ಮಹಾರಾಯ ಆಮೇಲೆ ಅವಳ ತಂಟೆಗೆ ಬಂದಿಲ್ಲ.

ಅವಳಿಗಿದ್ದದ್ದು ಒಂದೇ ಆಸೆ. ಅವಳ ತಾಯಿ ಹೆದರಿಕೊಂಡೇ ಬದುಕಿ ಹೆದರಿಕೊಂಡೇ ಸತ್ತವಳು. ತನ್ನ ಮಗಳು ಮಾತ್ರ ಯಾರಿಗೂ ಹೆದರಬಾರದು. ಹುಡುಗಿ ಬಂಡೆಯ ಮೇಲೆ ಮಂಗನಂತೆ ಹಾರುವುದನ್ನು, ದೋಣಿಯವರಿಗೆ ಎದುರುತ್ತರ ಕೊಡುವುದನ್ನು ಕಂಡರೆ ಇವಳಿಗೆ ಎಲ್ಲಿಲ್ಲದ ಹಿಗ್ಗು. ಹುಡುಗಿಯ ಕಾಲಿನ ಮೇಲೆ ಆಗಾಗ ಬರೆಯಂಥ ಗಾಯಗಳಿರುತ್ತಿದ್ದವು. ಕೇಳಿದರೆ ಬಂಡೆಯ ಮೇಲೆ ಜಾರಿದೆ ಅನ್ನುತ್ತಿದ್ದಳು. ಕಣ್ಣು ಎಲ್ಲಿಟ್ಟುಕೊಂಡು ನಡೆಯುತ್ತೀ ಎಂದು ಬೆನ್ನಿಗೆ ಒಂದು ಗುದ್ದಿಯೇ ಇವಳು ಎಣ್ಣೆ ಹಚ್ಚುತ್ತಿದ್ದುದು.

ಶಾಲೆಯ ಟೀಚರ್ ಒಮ್ಮೆ ಹುಡುಗಿಗೆ ಕಡಲ ಪ್ರಾಣಿಗಳ ಚಿತ್ರದ ಪುಸ್ತಕವೊಂದನ್ನು ಕೊಟ್ಟರು. ಹಿಡಿದ ಪುಸ್ತಕ ಕೆಳಗಿಡಲೊಲ್ಲಳು. ಶಾಲೆ ಬಿಟ್ಟೊಡನೆ ಬಂಡೆಯ ಪಕ್ಕ ಕೂತು ಅಮ್ಮನಿಗೆ ಓದಿ ಹೇಳುವಳು. ಆಕ್ಟೋಪಸ್‌ಗೆ ಮೂರು ಹೃದಯ ಎಂದು ಓದಿದರೆ, ಅದಕ್ಕೇ ಇದಕ್ಕೆ ಇಷ್ಟು ಕೊಬ್ಬು ಎಂದು ಅಮ್ಮ ಇನ್ನೂ ಜೋರಾಗಿ ಬಡಿಯುವಳು. ಒಂದು ಪುಟದ ತುಂಬ ಬರೀ ಬಂಡೆ. ಆಕ್ಟೋಪಸ್ ಎಲ್ಲಿದೆ ಹುಡುಕು ಎಂದು ಮಗಳು ಮುಂದೆ ಹಿಡಿದಳು. ಅಮ್ಮ ಕಣ್ಣು ಕಿರಿದು ಮಾಡಿ ನೋಡಿ, ಚಿತ್ರ ಬರೆದವನು ಮರೆತಿದ್ದಾನೆ ಎಂದು ತೀರ್ಪು ಕೊಟ್ಟಳು. ಹುಡುಗಿ ಕಿಲಕಿಲ ನಕ್ಕು ಬೆರಳಿಟ್ಟು ತೋರಿಸಿದಳು.

"ಇಲ್ಲೇ ಇದೆ ಅಮ್ಮಾ. ಹೆದರ್ಕೊಂಡ್ರೆ ಬಂಡೆಗೆ ಅಂಟ್ಕೊಂಡು ಬಂಡೆ ಬಣ್ಣನೇ ತಗೊಳತ್ತೆ. ಕಣ್ಣು ಮಾತ್ರ ಬಚ್ಚಿಡಕ್ಕಾಗಲ್ಲ."

ಒಂದು ಸಂಜೆ ದೋಣಿಗಳು ಹೆಚ್ಚುಕಡಿಮೆ ಬರಿಗೈಯಲ್ಲಿ ಬಂದವು. ಸಿಕ್ಕಿದ ಒಂದೇ ಆಕ್ಟೋಪಸ್ಸನ್ನು ಮನೆಯ ಒಗೆಯುವ ಕಲ್ಲಿಗೇ ಬಡಿದರಾಯಿತೆಂದು ಕೈಯಲ್ಲಿ ಜೋತಾಡಿಸಿಕೊಂಡು ಬಡಿಗೆಯಕ್ಕ ಹೊತ್ತಿಗೆ ಮುಂಚೆಯೇ ಹಿತ್ತಿಲ ಬಾಗಿಲಿಗೆ ಬಂದಳು. ಒಳಗೆ ಗಂಡನೊಬ್ಬನೇ ಕಂಡ. ಬಿಚ್ಚಿ ಹರಡಿದ್ದ ಎಂಜಿನ್ನಿನ ನಡುವೆ ನಿಂತು, ಚಹಾ ಕೇಳಿದರೆ ಓಗೊಡದೆ ಪುಸ್ತಕ ಓದುತ್ತಾಳೆ ಎಂದು ಗೋಡೆಯನ್ನು ಬೈಯುತ್ತಿದ್ದ. ಕಾಲಡಿಯಲ್ಲಿ ಹರಿದ ಪುಸ್ತಕ. ಕೈಯಲ್ಲಿ ಎಂಜಿನ್ನಿನ ಹಳೇ ಬೆಲ್ಟು. ಮಗಳೆಲ್ಲಿ ಎಂದು ಇವಳು ಹುಡುಕಿದಳು. ಬೂದು ಗೋಡೆ, ಬೂದು ಯೂನಿಫಾರ್ಮು. ಆಮೇಲೆ ಎರಡು ಕಣ್ಣು ಕಂಡವು.

ಬೆಲ್ಟು ಹುಡುಗಿಯ ಮೊಣಕಾಲಿನ ಕೆಳಗೆ ಬಿತ್ತು. ಅವಳು ಗೋಡೆಗೆ ಇನ್ನಷ್ಟು ಅಂಟಿಕೊಂಡಳು. ಜಾರಿ ಬಿದ್ದ ಗಾಯಗಳಿಗೆ ಆ ಬೆಲ್ಟಿನ ಅಗಲವೇ ಯಾಕಿತ್ತೆಂಬುದು ಬಡಿಗೆಯಕ್ಕನ ತಲೆಗೆ ಆಗ ಹೊಳೆಯಿತು.

ಮುಂದಿನದನ್ನು ಏನು ಹೇಳಲಿ. ಭುಜದ ಮೇಲಿಂದ ಎತ್ತಿ ಹೊಡೆದ ಆಕ್ಟೋಪಸ್ ಗಂಡನ ಮುಖಕ್ಕೆ ಬಡಿಯಿತು. ಅವನು ತಿರುಗುವಷ್ಟರಲ್ಲಿ ಕಿವಿಗೆ ಬಿತ್ತು, ಕುತ್ತಿಗೆಗೆ ಬಿತ್ತು. ಎಂಜಿನ್ನಿನ ಮೇಲೆ ಮುಗ್ಗರಿಸಿ ಮುಂದಿನ ಹಲ್ಲು ಉದುರಿಸಿಕೊಂಡ. ಎದ್ದು ಸ್ಪ್ಯಾನರ್ ಬೀಸಿದ, ಅವಳ ಹುಬ್ಬು ಸೀಳಿತು. ಅವಳಿಗದು ನೊಣ ಕೂತಷ್ಟೂ ಅನಿಸಲಿಲ್ಲ. ಬಂಡೆಯ ಮೇಲೆ ಹೇಗೆ ಬಡಿಯುತ್ತಿದ್ದಳೋ ಹಾಗೇ ಬಡಿದಳು, ನೆಲ ರಕ್ತವಾಗುವವರೆಗೆ. ಅವನು ಅಂಬೆಗಾಲಿನಲ್ಲಿ ಬಾಗಿಲು ತಲುಪಿದ.

"ಈ ಹೊಸ್ತಿಲು ಇನ್ನೊಂದ್ಸಲ ತುಳಿ, ನಿನ್ನನ್ನೂ ಬಂಡೆ ಮೇಲೆ ಹಾಕಿ ಮೆತ್ತಗೆ ಮಾಡ್ತೀನಿ," ಅಂದಳು.

ಅವನು ಎದ್ದು ಕಾಲಿಗೆ ಬುದ್ಧಿ ಹೇಳಿದ. ಬಡಿಗೆಯಕ್ಕ ಏದುಸಿರು ಬಿಡುತ್ತ, ಗೆದ್ದವಳ ಮುಖ ಹೊತ್ತು ಮಗಳ ಕಡೆ ತಿರುಗಿದಳು. ಬಾ ಮಗಳೇ ಎಂದು ಕರೆದಳು.

ಹುಡುಗಿ ಬರಲಿಲ್ಲ. ಗೋಡೆಗೆ ಇನ್ನೂ ಒತ್ತಿಕೊಂಡಿದ್ದಳು. ಅಪ್ಪ ಹೋದ ಬಾಗಿಲಿನ ಕಡೆ ಅವಳ ನೋಟವೇ ಇರಲಿಲ್ಲ. ಅದು ಅಮ್ಮನ ಬಲಗೈಯ ಮೇಲಿತ್ತು. ಬಡಿಗೆಯಕ್ಕನೂ ಆ ಕೈಯನ್ನು ನೋಡಿಕೊಂಡಳು. ಹಾಲು ಉಕ್ಕಿಸಿದ್ದಕ್ಕೆ, ಚಪ್ಪಲಿ ಕಳೆದದ್ದಕ್ಕೆ, ಜಾರಿ ಬಿದ್ದೆ ಅಂದದ್ದಕ್ಕೆ ಆ ಕೈ ಎಷ್ಟು ಸಲ ಎದ್ದಿತ್ತೋ. ಆಗೆಲ್ಲ ಮಗಳ ಮುಖ ಹೇಗಿತ್ತೆಂದು ಅವಳು ನೋಡಿರಲೇ ಇಲ್ಲ.

ಅವಳು ಆಕ್ಟೋಪಸ್ಸನ್ನು ಕೆಳಗೆ ಬಿಟ್ಟಳು. ನೆಲದ ಮೇಲೆ ಕೂತು ಎರಡೂ ಕೈಗಳನ್ನು ತೊಡೆಯಡಿ ಸೇರಿಸಿಕೊಂಡಳು. ಹುಬ್ಬಿನ ರಕ್ತ ಕಣ್ಣಿಗಿಳಿದರೂ ಒರೆಸಿಕೊಳ್ಳಲಿಲ್ಲ.

"ಬಂಡೆ ಬಣ್ಣ ತಗೊಂಡಿದ್ದು ಮತ್ತೆ ತನ್ನ ಬಣ್ಣಕ್ಕೆ ಯಾವಾಗ ಬರತ್ತಂತೆ? ಪುಸ್ತಕದಲ್ಲಿ ಬರೆದಿದ್ದಾರಾ?"

ಹುಡುಗಿ ಹರಿದ ಪುಸ್ತಕದ ಕಡೆ ನೋಡಿದಳು.

"ಹೆದರ್ಸಿದ್ದು ಅಲ್ಲಿಂದ ಹೋದ್ಮೇಲೆ," ಅಂದಳು.

ಬಡಿಗೆಯಕ್ಕ ಎದ್ದಳು. ಹೊರಗೆ ಹೋಗಿ, ಬಾಗಿಲಿಗೆ ಬೆನ್ನು ಮಾಡಿ ಮೆಟ್ಟಿಲ ಮೇಲೆ ಕೂತಳು. ಎಷ್ಟೋ ಹೊತ್ತಿನ ಮೇಲೆ ಒಳಗೆ ಹರಿದ ಹಾಳೆಗಳನ್ನು ಆರಿಸಿಕೊಳ್ಳುವ ಸದ್ದು ಕೇಳಿಸಿತು. ಅವಳು ತಿರುಗಿ ನೋಡಲಿಲ್ಲ.