ಇಪ್ಪತ್ತೆರಡನೇ ತಾರೀಕಿನ ಚಾರ್ಟು

ನನ್ನ ತಮ್ಮ ಅಬುಧಾಬಿ ರಸ್ತೆಯ ಅಪಘಾತದಲ್ಲಿ ತೀರಿಕೊಂಡಾಗ ಮಗಳ ಶಾಲೆಯ ಪ್ರಾಜೆಕ್ಟಿಗೆ ನಾಲ್ಕೇ ದಿನ ಬಾಕಿ ಇತ್ತು. ಅವಳದು ಅಮೆರಿಕನ್ ಸಿಲೆಬಸ್ಸಿನ ಶಾಲೆ. ಆ ದೇಶದ ಚರಿತ್ರೆಯಲ್ಲಿ ನವೆಂಬರ್ ತಿಂಗಳಲ್ಲಿ ನಡೆದದ್ದನ್ನು ಮಕ್ಕಳು ಒಬ್ಬೊಬ್ಬರು ಒಂದೊಂದು ತಾರೀಕಿನಂತೆ ಹೇಳಬೇಕು. ಒಬ್ಬನಿಗೆ ಮಹಾಯುದ್ಧ ನಿಂತ ಹನ್ನೊಂದು. ನನ್ನ ಮಗಳಿಗೆ ಇಪ್ಪತ್ತೆರಡು, ತೆರೆದ ಕಾರಿನಲ್ಲಿ ಹೋಗುತ್ತಿದ್ದ ಅಧ್ಯಕ್ಷನಿಗೆ ಗುಂಡು ಹೊಡೆದ ದಿನ. ವಾರದ ರಜೆಗೆ ಅಲ್ ನಹ್ದಾದ ನಮ್ಮ ಫ್ಲ್ಯಾಟಿಗೆ ಬಂದಿದ್ದ ತಮ್ಮನೇ ಚಾರ್ಟಿನಲ್ಲಿ ಆ ಕಾರು ಬಿಡಿಸಿಕೊಟ್ಟಿದ್ದ. "ಬಾಕಿ ಫೋನಲ್ಲಿ ಹೇಳಿಕೊಡ್ತೇನೆ ಮಗಾ" ಎಂದು ಹೊರಟವನು ವಾಪಸ್ ಹೋಗುವ ದಾರಿಯಲ್ಲೇ ಹೋದ.

ನಮ್ಮವರು ಸಾವಿನ ಸುದ್ದಿಯನ್ನು ನೇರವಾಗಿ ಹೇಳುವುದಿಲ್ಲ. ಊರಿಗೆ ಮೊದಲು 'ಸೀರಿಯಸ್' ಎಂದು ಫೋನು. ಪರೀಕ್ಷೆ ಇರುವ ಮಕ್ಕಳಿಗೆ ಅದೂ ಇಲ್ಲ. ಮನೆಗೆ ಬಂದವರೆಲ್ಲ ಬಾಗಿಲಲ್ಲೇ ನಿಂತು, "ಮಗುವಿಗೆ ಈಗ ಹೇಳ್ಬೇಡಿ ಮಾರಾಯ್ರೆ, ಅದರ ಪ್ರಾಜೆಕ್ಟ್ ಒಂದು ಮುಗೀಲಿ" ಎಂದರು. ನಾನೂ ತಲೆಯಾಡಿಸಿದೆ. ಚಿಕ್ಕಪ್ಪ ಕೆಲಸ ಮಾಡುವ ಸೈಟಿನಲ್ಲಿ ಸಿಗ್ನಲ್ ಇಲ್ಲವೆಂದು ಮಗಳಿಗೆ ಹೇಳಿದೆ. ಪೊಲೀಸರು ಕೊಟ್ಟ ಅವನ ಫೋನನ್ನು ನನ್ನ ಕಪಾಟಿನಲ್ಲಿಟ್ಟೆ. ಊರಿನವರ ನಂಬರುಗಳೆಲ್ಲ ಅದರಲ್ಲಿದ್ದವು, ಆಫ್ ಮಾಡಲಿಲ್ಲ. ದೊಡ್ಡ ಜವಾಬ್ದಾರಿ ನಿಭಾಯಿಸುತ್ತಿದ್ದೇನೆ ಅಂದುಕೊಂಡಿದ್ದೆ. ಈಗ ನೆನೆದರೆ ನನ್ನ ಮೇಲೇ ಮೈ ಉರಿಯುತ್ತದೆ.

ಇಪ್ಪತ್ತೆರಡರ ಬೆಳಿಗ್ಗೆ ತಮ್ಮನ ಶವಪೆಟ್ಟಿಗೆ ಮಂಗಳೂರಿನ ವಿಮಾನ ಹತ್ತಿತು. ಜೊತೆಗೆ ಅವನ ರೂಮಿನ ಗೆಳೆಯ ಹೋದ. ನಾನು ಹೋದರೆ ಮಗಳಿಗೆ ಸಂಶಯ ಬರುತ್ತದೆಂದು, ಮಹಾ ಬುದ್ಧಿವಂತನ ಹಾಗೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಶಾಲೆಯಲ್ಲಿ ಹೋಗಿ ಕೂತೆ.

ಮಗಳು ಎಲ್ಲೂ ತಡವರಿಸಲಿಲ್ಲ. ಕೊನೆಗೆ, ಬರೆದುಕೊಂಡಿರದ ಒಂದು ಮಾತನ್ನು ಇಂಗ್ಲಿಷಿನಲ್ಲಿ ಸೇರಿಸಿದಳು. ಅಧ್ಯಕ್ಷನಿಗೆ ಒಬ್ಬ ಮಗಳಿದ್ದಳು, ಆರು ವರ್ಷವೂ ತುಂಬಿರಲಿಲ್ಲ, ಅವಳಿಗೆ ಆ ದಿನವೇ ಹೇಳಿದರು. ಹೇಳುವಾಗ ನನ್ನನ್ನೇ ನೋಡುತ್ತಿದ್ದಳು.

ಕಾರಿನಲ್ಲಿ ಕೂತ ಮೇಲೆ ಕೇಳಿದೆ, "ನಿಂಗೆ ಗೊತ್ತುಂಟಾ?"

"ಉಂಟು. ಚಿಕ್ಕಪ್ಪನಿಗೆ ಫೋನ್ ಮಾಡಿದೆ. ನಿಮ್ಮ ಕಪಾಟಲ್ಲಿ ರಿಂಗ್ ಆಯ್ತು. ಅಮ್ಮನನ್ನು ಕೇಳುವ ಅಂತ ಹೋದ್ರೆ, ಅಡುಗೆಮನೆಯಲ್ಲಿ ಒಬ್ರೇ ಅಳ್ತಾ ಇದ್ರು."

"ಮತ್ತೆ ಯಾಕೆ ಸುಮ್ಮನಿದ್ದೆ?"

"ಪ್ರಾಜೆಕ್ಟ್ ಮುಗಿದ ಮೇಲೆ ಹೇಳ್ತೀರಿ ಅಂತ." ಚಾರ್ಟನ್ನು ಸುರುಳಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬೆಲ್ಟ್ ಹಾಕಿಕೊಂಡಳು. "ಈಗ ಮುಗೀತಲ್ಲ ಅಪ್ಪಾ. ಚಿಕ್ಕಪ್ಪನ್ನ ನೋಡ್ಲಿಕ್ಕೆ ಹೋಗುವನಾ?"

ಬೆಳಿಗ್ಗೆಯೇ ಕಳಿಸಿ ಆಯಿತು ಎಂದು ನಾನು ಅವಳಿಗೆ ಹೇಳಬೇಕಾಯಿತು.